ಮನೆಯವರಿಗಿಂತ ನೆಂಟರೇ ಜಾಸ್ತಿ



ಇವತ್ತು ಒಂದು ಲೆಕ್ಕದಿಂದ ಶುರು ಮಾಡ್ತೀನಿ. 2024ರಲ್ಲಿ ಇಡೀ ಭಾರತಕ್ಕೆ ಬಂದ ವಿದೇಶಿ ಪ್ರವಾಸಿಗರ ಸಂಖ್ಯೆ ಹೆಚ್ಚುಕಡಿಮೆ ಒಂದು ಕೋಟಿ. ಅದೇ ವರ್ಷ ಇಂಡೋನೇಷ್ಯಾದ ಬಾಲಿ ಅನ್ನೋ ಒಂದೇ ಒಂದು ದ್ವೀಪಕ್ಕೆ ಬಂದವರು ಸುಮಾರು 63 ಲಕ್ಷ. ಬಾಲಿ ಎಷ್ಟು ದೊಡ್ಡದು? ನಮ್ಮ ಮೈಸೂರು ಜಿಲ್ಲೆಗಿಂತ ಚಿಕ್ಕದು. ಅಲ್ಲಿನ ಜನಸಂಖ್ಯೆ 45 ಲಕ್ಷದ ಒಳಗೆ. ಅಂದರೆ ವರ್ಷದ ಲೆಕ್ಕದಲ್ಲಿ ಮನೆಯವರಿಗಿಂತ ನೆಂಟರೇ ಜಾಸ್ತಿ!

ಆ ನೆಂಟರಲ್ಲಿ ನಾವೂ ಇದ್ದೀವಿ. ಬಾಲಿಗೆ ಹೋಗುವವರಲ್ಲಿ ಆಸ್ಟ್ರೇಲಿಯಾದವರು ಮೊದಲು, ಎರಡನೇ ಸ್ಥಾನ ಭಾರತೀಯರದ್ದು. ಒಂದೇ ವರ್ಷದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ. 2024ರ ಮಾರ್ಚ್‌ನಿಂದ ಬೆಂಗಳೂರಿನಿಂದ ನೇರ ವಿಮಾನವೂ ಇದೆ. ಹನಿಮೂನ್ ಅಂದ್ರೆ ಊಟಿ ಅನ್ನುತ್ತಿದ್ದ ಕಾಲ ಹೋಯ್ತು, ಈಗ ಬಾಲಿ.

ಹಾಗಾಗಿ ನಮ್ಮಲ್ಲಿ ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಬರುತ್ತೆ. ನಮಗೆ 320 ಕಿಲೋಮೀಟರ್ ಕರಾವಳಿ ಇದೆ, ಹಂಪಿ ಇದೆ, ಕೊಡಗು ಇದೆ. ಬಾಲಿಗೆ ಆದದ್ದು ನಮಗೆ ಯಾಕೆ ಆಗಲ್ಲ? ಒಳ್ಳೆಯ ಪ್ರಶ್ನೆ. ಆದರೆ ಅದಕ್ಕೂ ಮೊದಲು, ಬಾಲಿಗೆ ನಿಜವಾಗಿ ಆದದ್ದೇನು ಅಂತ ನೋಡೋಣ.

ಬಾಲಿ ಗೆದ್ದಿದ್ದು ಬರೀ ಸಮುದ್ರದಿಂದ ಅಲ್ಲ. ಇಂಡೋನೇಷ್ಯಾದಲ್ಲಿ 17 ಸಾವಿರ ದ್ವೀಪಗಳಿವೆ, ಕಡಲಿಗೇನೂ ಬರ ಇಲ್ಲ. ಜನ ಬಾಲಿಗೇ ಬಂದದ್ದು ಅಲ್ಲಿನ ಬದುಕು ನೋಡಲು. ಊರೂರಿಗೆ ದೇವಸ್ಥಾನ, ಬೆಳಗಾದರೆ ಮನೆ ಮುಂದೆ ಬಾಳೆಎಲೆ, ತೆಂಗಿನಗರಿಯ ಪುಟ್ಟ ಬುಟ್ಟಿಯಲ್ಲಿ ಹೂವಿನ ನೈವೇದ್ಯ, ಬೆಟ್ಟದ ಮೈಗೆ ಮೆಟ್ಟಿಲು ಕಡಿದಂತೆ ಭತ್ತದ ಗದ್ದೆ. ಇದ್ಯಾವುದೂ ಪ್ರವಾಸಿಗರಿಗೋಸ್ಕರ ಶುರುವಾದದ್ದಲ್ಲ.

ಇನ್ನೊಂದು ವಿಷಯ. ಬಾಲಿಗೆ ಕೆಲವು ಕಡೆ ‘ಇಲ್ಲ’ ಅನ್ನುವುದು ಗೊತ್ತಿತ್ತು. 1960ರ ದಶಕದಲ್ಲಿ ಅಲ್ಲಿನ ಸನೂರ್ ಕಡಲತೀರದಲ್ಲಿ ಹತ್ತು ಅಂತಸ್ತಿನ ಹೋಟೆಲ್ ಎದ್ದಿತು. ಆಮೇಲೆ ನಿಯಮ ಬಂತು: ಕಟ್ಟಡ 15 ಮೀಟರ್ ದಾಟುವಂತಿಲ್ಲ. ಅಂದರೆ ಒಂದು ತೆಂಗಿನ ಮರದ ಎತ್ತರ! ಇನ್ನು ನ್ಯೇಪಿ. ಅವರ ಶಕ ವರ್ಷದ ಮೊದಲ ದಿನ, ನಮಗೆ ಯುಗಾದಿ ಇದ್ದ ಹಾಗೆ. ಆ ದಿನ ದೀಪ ಹಚ್ಚಲ್ಲ, ರಸ್ತೆಗೆ ಇಳಿಯಲ್ಲ. 24 ಗಂಟೆ ವಿಮಾನ ನಿಲ್ದಾಣವೇ ಬಂದ್. ಎಷ್ಟೇ ದುಡ್ಡು ಕೊಟ್ಟು ಬಂದಿದ್ದರೂ ಪ್ರವಾಸಿ ಹೋಟೆಲ್ ಒಳಗೇ ಇರಬೇಕು. ಪ್ರವಾಸೋದ್ಯಮವನ್ನೇ ನಂಬಿದ ಊರು ವರ್ಷಕ್ಕೊಂದು ದಿನ ಅದರ ಬಾಗಿಲು ಹಾಕುತ್ತೆ. ನನಗೆ ಬಾಲಿಯಲ್ಲಿ ತುಂಬಾ ಇಷ್ಟವಾದ ಸಂಗತಿ ಇದು.

ಈಗ ತೊಂದರೆಗೆ ಬರ್ತೀನಿ. ಆ ಭತ್ತದ ಗದ್ದೆಗಳ ಹಿಂದೆ ‘ಸುಬಕ್’ ಅನ್ನೋ ನೀರಿನ ವ್ಯವಸ್ಥೆ ಇದೆ. ಸಾವಿರ ವರ್ಷದ್ದು. ಒಂದೇ ಕಾಲುವೆಯ ರೈತರು ಸೇರಿ, ದೇವಸ್ಥಾನದ ಪಂಚಾಂಗದಂತೆ ಯಾರ ಗದ್ದೆಗೆ ಯಾವಾಗ ನೀರು ಅಂತ ತೀರ್ಮಾನ ಮಾಡ್ತಾರೆ. 1970ರ ದಶಕದ ಹಸಿರು ಕ್ರಾಂತಿಯಲ್ಲಿ ಸರ್ಕಾರ ಇದನ್ನು ಪಕ್ಕಕ್ಕೆ ಸರಿಸಿ, ಬಿಡುವಿಲ್ಲದೆ ನಾಟಿ ಮಾಡಿ ಅಂತು. ನೀರಿಗೆ ಜಗಳ ಹತ್ತಿತು, ಕೀಟ ಮುತ್ತಿತು. ಆಮೇಲೆ ಸ್ಟೀಫನ್ ಲಾನ್ಸಿಂಗ್ ಮತ್ತು ಜೇಮ್ಸ್ ಕ್ರೆಮರ್ ಎಂಬ ಇಬ್ಬರು ಸಂಶೋಧಕರು ಇದನ್ನೆಲ್ಲ ಕಂಪ್ಯೂಟರ್ ಮಾದರಿಗೆ ಹಾಕಿ ನೋಡಿದರು. ದೇವಸ್ಥಾನಗಳ ಲೆಕ್ಕವೇ ಸರಿ ಅಂತ ಬಂತು! 2012ರಲ್ಲಿ ಯುನೆಸ್ಕೋ ಸುಬಕ್ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಸಿರು ಕ್ರಾಂತಿಯನ್ನು ತಡೆದುಕೊಂಡ ಗದ್ದೆ ಈಗ ವಿಲ್ಲಾಗಳ ಮುಂದೆ ಸೋಲ್ತಿದೆ. ಗದ್ದೆ ನೋಡಲು ಬಂದವನಿಗೆ ಗದ್ದೆಯಲ್ಲೇ ರೂಮ್ ಬೇಕು, ರೂಮಿಗೊಂದು ಈಜುಕೊಳ ಬೇಕು. ಒಂದು ಗದ್ದೆ ಮಾರಾಟವಾದರೆ ಕಾಲುವೆ ತುಂಡಾಗುತ್ತೆ, ಕೆಳಗಿನ ರೈತನಿಗೆ ನೀರಿಲ್ಲ. ಅವನೂ ಮಾರ್ತಾನೆ. ದಕ್ಷಿಣ ಬಾಲಿಯಲ್ಲಿ ಕೊರೆದ ಬಾವಿಗಳಿಗೆ ಉಪ್ಪುನೀರು ನುಗ್ಗುತ್ತಿದೆ.

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಮೊದಲೇ ಹೇಳಿಕೊಡ್ತಾರೆ: ಇಡೀ ಭಾರವನ್ನು ಒಂದೇ ಕಂಬದ ಮೇಲೆ ಹಾಕಬೇಡಿ. ಬಾಲಿ ಹಾಕಿತು. ಕೋವಿಡ್ ಬಂತು. 2020ರಲ್ಲಿ ಅಲ್ಲಿನ ಆರ್ಥಿಕತೆ ಶೇಕಡಾ 9ಕ್ಕಿಂತ ಹೆಚ್ಚು ಕುಸಿಯಿತು. 2021ರಲ್ಲಿ ಬಾಲಿಗೆ ಬಂದ ವಿದೇಶಿ ಪ್ರವಾಸಿಗರೆಷ್ಟು ಗೊತ್ತಾ? ಅಧಿಕೃತ ಲೆಕ್ಕದಲ್ಲಿ 51. ಲಕ್ಷ ಅಲ್ಲ, ಸಾವಿರ ಅಲ್ಲ. ಐವತ್ತೊಂದು ಜನ. ಆಗ ಹೋಟೆಲ್ ಕೆಲಸ ಹೋದ ಎಷ್ಟೋ ಮಂದಿ ವಾಪಸ್ ಹೋಗಿದ್ದು ಹಳ್ಳಿಗೆ, ಗದ್ದೆಗೆ. ಗದ್ದೆ ಉಳಿದಿದ್ದವರಿಗೆ ಊಟ ಇತ್ತು. ಮಾರಿಕೊಂಡವರಿಗೆ?

ಬಾಲಿ ಸರ್ಕಾರ ಕಣ್ಮುಚ್ಚಿ ಕೂತಿಲ್ಲ. 2024ರ ಫೆಬ್ರವರಿಯಿಂದ ಪ್ರತಿ ವಿದೇಶಿ ಪ್ರವಾಸಿ ಒಂದೂವರೆ ಲಕ್ಷ ರುಪಯ್ಯ, ಅಂದರೆ ನಮ್ಮ ಎಂಟುನೂರು ರೂಪಾಯಿ ಆಸುಪಾಸು, ಶುಲ್ಕ ಕಟ್ಟಬೇಕು. ಸಂಸ್ಕೃತಿ, ಪರಿಸರ ಉಳಿಸೋಕೆ ಅಂತ ಈ ದುಡ್ಡು. ಆದರೆ ಹೋದ ಗದ್ದೆಯನ್ನು ದುಡ್ಡು ವಾಪಸ್ ತರಲ್ಲ.

ಹಾಗಾದ್ರೆ ನಮಗೆ ಪ್ರವಾಸಿಗರೇ ಬೇಡವಾ? ಖಂಡಿತ ಬೇಕು. ಹೋಮ್‌ಸ್ಟೇ ನಡೆಸುವ ಕುಟುಂಬಕ್ಕೆ, ಗೈಡ್‌ಗೆ, ಆಟೋದವರಿಗೆ ಅದೇ ಅನ್ನ. ಆದರೆ ಕೊಡಗು ನೋಡಿ. ಕಾವೇರಿ ಹುಟ್ಟುವ ಜಿಲ್ಲೆ. ಅಲ್ಲಿಯೂ ಭತ್ತದ ಗದ್ದೆಗಳು ಕಡಿಮೆಯಾಗ್ತಿವೆ. ಕೂಲಿಗೆ ಜನ ಸಿಗಲ್ಲ, ಭತ್ತದಲ್ಲಿ ಲಾಭ ಇಲ್ಲ ಅನ್ನುವ ರೈತನ ಮಾತು ಸುಳ್ಳಲ್ಲ. ಆದರೆ ಮಳೆನೀರನ್ನು ನಿಲ್ಲಿಸಿ ನೆಲಕ್ಕೆ ಇಳಿಸುವುದು ಆ ಗದ್ದೆಗಳೇ. ಹುತ್ತರಿಗೆ ಕದಿರು ಬರುವುದು ಅಲ್ಲಿಂದಲೇ. ನಾಳೆ ಗದ್ದೆಯೇ ಇಲ್ಲದಿದ್ದರೆ ಕದಿರು ತೆಗೆಯೋದು ಎಲ್ಲಿ? ರೆಸಾರ್ಟ್ ಅಂಗಳದಲ್ಲಾ?

ಎಷ್ಟು ಜನ ಬಂದರು ಅಂತ ಎಲ್ಲ ಸರ್ಕಾರಗಳೂ ಲೆಕ್ಕ ಕೊಡುತ್ತವೆ. ನನಗೆ ಇನ್ನೆರಡು ಲೆಕ್ಕ ಬೇಕು. ಅವರು ಹೋದ ಮೇಲೆ ಬಾವಿಯಲ್ಲಿ ನೀರೆಷ್ಟಿದೆ? ಅವರು ಬಿಟ್ಟುಹೋದ ದುಡ್ಡಲ್ಲಿ ಊರಿನವರಿಗೆ ಉಳಿದದ್ದೆಷ್ಟು? ಈ ಎರಡನ್ನೂ ಪ್ರವಾಸೋದ್ಯಮ ಇಲಾಖೆ ತನ್ನ ವರದಿಯಲ್ಲಿ ಬರೆಯಲಿ. ಬಾಲಿ ಆಗೋ ಮಾತು ಆಮೇಲೆ ಆಡೋಣ.