ಒಂದು ಮರಿಯ ಮೊಲ, ಸಾವಿರ ಮೊಟ್ಟೆಯ ಪತಂಗ

ಮೊಲ ಅಂದರೆ ಸೂಲಿಗೆ ಐದಾರು ಮರಿ ಹಾಕುವ ಪ್ರಾಣಿ ಅಂತ ನಾವು ಅಂದುಕೊಂಡಿದ್ದೀವಿ. ಜಪಾನಿನ ದಕ್ಷಿಣದಲ್ಲಿರುವ ಅಮಾಮಿ ಮೊಲ ಹಾಗಲ್ಲ. ಅಮಾಮಿ ಓಶಿಮಾ ಮತ್ತು ತೋಕುನೋಶಿಮಾ, ಈ ಎರಡು ದ್ವೀಪ ಬಿಟ್ಟರೆ ಅದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮೈ ಕಪ್ಪು, ಕಿವಿ ಗಿಡ್ಡ, ಒಂದು ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿ. ಆ ಮರಿಗೆ ಅಂತಲೇ ತಾಯಿ ಬೇರೆ ಬಿಲ ತೋಡುತ್ತೆ. ಸುಮಾರು ಎರಡು ದಿನಕ್ಕೊಮ್ಮೆ ರಾತ್ರಿ ಬಂದು, ಬಿಲದ ಬಾಯಿ ಬಿಡಿಸಿ, ಹಾಲು ಕುಡಿಸಿ, ಮತ್ತೆ ಮಣ್ಣು ತುಂಬಿ ಗಟ್ಟಿಯಾಗಿ ಮುಚ್ಚಿ ಹೋಗುತ್ತೆ.

ಇನ್ನೊಂದು ಕಡೆ ಸೈನಿಕ ಹುಳುವಿನ ಪತಂಗ. ಮೆಕ್ಕೆಜೋಳದ ಸುಳಿಯಲ್ಲಿ ಕೂತು ಮೇಯ್ದು, ಲದ್ದಿ ತುಂಬಿಸುತ್ತಲ್ಲ, ಅದೇ ಹುಳು. ಮೂಲ ಅಮೆರಿಕ ಖಂಡ. 2016ರಲ್ಲಿ ಆಫ್ರಿಕಾದಲ್ಲಿ ಕಂಡಿತು. 2018ರಲ್ಲಿ ನಮ್ಮ ಶಿವಮೊಗ್ಗದ ಹೊಲಗಳಲ್ಲಿ. 2019ರಲ್ಲಿ ಜಪಾನಿನ ಕಾಗೋಶಿಮಾ ಪ್ರಾಂತ್ಯದಲ್ಲಿ. ಅಮಾಮಿ ಸೇರಿರುವುದೂ ಅದೇ ಪ್ರಾಂತ್ಯಕ್ಕೆ. ಒಂದು ಹೆಣ್ಣು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತೆ, ಮೇಲೆ ತನ್ನ ಮೈಯ ಹುರುಪೆ ಹೊದಿಸಿ ಹಾರಿಹೋಗುತ್ತೆ. ಆಮೇಲೆ ಅತ್ತ ತಿರುಗಿ ನೋಡೋದೇ ಇಲ್ಲ. ಬೇಸಿಗೆಯಲ್ಲಿ ತಿಂಗಳೊಳಗೆ ಮುಂದಿನ ಪೀಳಿಗೆ ಸಿದ್ಧ.

ಹೆಚ್ಚು ಹಡೆದದ್ದು ಗೆದ್ದಿತು, ಒಂದೇ ಹಡೆದದ್ದು ಸೋತಿತು ಅನ್ನಿಸಬಹುದು. ನಾನು ಇದನ್ನ ಒಪ್ಪಲ್ಲ. ಒಂದೇ ಮರಿಯನ್ನು ಜೋಪಾನ ಮಾಡಿಕೊಂಡು ಆ ಮೊಲ ಲಕ್ಷಾಂತರ ವರ್ಷ ಬದುಕಿದೆ. ಮೊಲ, ಇಲಿ ತಿನ್ನುವ ಸಸ್ತನಿಯೇ ಆ ದ್ವೀಪಗಳಲ್ಲಿ ಇರಲಿಲ್ಲ. 1979ರಲ್ಲಿ ಅಮಾಮಿ ಓಶಿಮಾಕ್ಕೆ ಸುಮಾರು 30 ಮುಂಗುಸಿ ತಂದು ಬಿಟ್ಟರು, ಹಾಬು ಅನ್ನುವ ವಿಷದ ಹಾವನ್ನು ಕೊಲ್ಲಲಿ ಅಂತ. ಹಾವು–ಮುಂಗುಸಿ ವೈರ ಲೋಕಕ್ಕೇ ಗೊತ್ತು, ಆದರೆ ಹಾಬು ಓಡಾಡೋದು ರಾತ್ರಿ, ಮುಂಗುಸಿ ಹಗಲು! ಭೇಟಿಯೇ ಅಪರೂಪ. ಮುಂಗುಸಿ ಮೊಲಗಳ ಮೇಲೆ ಬಿತ್ತು. 2000ದ ಹೊತ್ತಿಗೆ ಮುಂಗುಸಿಗಳು ಸುಮಾರು ಹತ್ತು ಸಾವಿರ ಆಗಿದ್ದವು.

2005ರಲ್ಲಿ ಅವುಗಳನ್ನು ಹಿಡಿಯಲು ಅಂತಲೇ ಒಂದು ತಂಡ ಕಟ್ಟಿದರು. ಕಾಡಿನ ತುಂಬ ಬೋನು, ಜೊತೆಗೆ ತರಬೇತಾದ ನಾಯಿಗಳು. ವರ್ಷಗಟ್ಟಲೆ ನಡೆದ ಕೆಲಸ. 2024ರ ಸೆಪ್ಟೆಂಬರ್‌ನಲ್ಲಿ ದ್ವೀಪದಲ್ಲಿ ಮುಂಗುಸಿ ಇಲ್ಲ ಅಂತ ಸರ್ಕಾರ ಘೋಷಿಸಿತು. ಅಷ್ಟರಲ್ಲೇ ಮೊಲಗಳು ಮತ್ತೆ ಹೆಚ್ಚಿದ್ದವು, ಈಗಲೂ ಸೂಲಿಗೆ ಒಂದೇ ಮರಿ ಹಾಕಿಕೊಂಡು.

ಪತಂಗದ ಗೆಲುವಿನಲ್ಲೂ ನಮ್ಮ ಪಾಲಿದೆ. ಗಾಳಿ ಸಿಕ್ಕರೆ ಅದು ಒಂದೇ ರಾತ್ರಿ ನೂರು ಕಿಲೋಮೀಟರ್ ಹಾರಬಲ್ಲದು. ಇಳಿದ ಕಡೆಯಲ್ಲೆಲ್ಲ ನಾವು ಮೆಕ್ಕೆಜೋಳ ಬಿತ್ತಿಟ್ಟಿದ್ದೀವಿ.

ಅಮಾಮಿಯಲ್ಲಿ ಈಗಿನ ಚಿಂತೆ ಬೆಕ್ಕು ಮತ್ತು ಕಾರು. ಮೊಲಗಳು ರಾತ್ರಿ ರಸ್ತೆಗೆ ಬರುತ್ತವೆ, ಚಕ್ರಕ್ಕೆ ಸಿಕ್ಕಿ ಸಾಯುತ್ತವೆ. ಆ ದ್ವೀಪಕ್ಕೆ ಹೋದರೆ, ದಯವಿಟ್ಟು ರಾತ್ರಿ ಗಾಡಿ ನಿಧಾನಕ್ಕೆ ಓಡಿಸಿ.