ಆಡಿದ ಮಾತು ಆ ಕಡೆಗೆ ಮುಟ್ಟಿತೇ? – ಮೊಬೈಲ್ ಫೋನಿನ ಮೈಕಿನ ಪರೀಕ್ಷೆ ಮತ್ತು ಆರೈಕೆ



ಬಿತ್ತನೆಗೆ ಮುಂಚೆ ಬೀಜದ ಮೊಳಕೆ ಪರೀಕ್ಷೆ ಮಾಡುವುದು ಅನುಭವಿ ರೈತರ ವಾಡಿಕೆ. 100 ಕಾಳುಗಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ಎಣಿಸಿ ನೋಡಿದ ಮೇಲೆಯೇ ಬೀಜ ಕೂರಿಗೆಗೆ ಬೀಳುತ್ತದೆ. ಪಂಪ್‌ಸೆಟ್ಟನ್ನೂ ಸಿಂಪರಣಾ ಯಂತ್ರವನ್ನೂ ಹಂಗಾಮಿಗೆ ಮುಂಚೆ ಒಮ್ಮೆ ನಡೆಸಿ ನೋಡುತ್ತಾರೆ. ಇಂದು ಸ್ಮಾರ್ಟ್‌ಫೋನು ಕೂಡ ಬೇಸಾಯದ ಸಲಕರಣೆಗಳಲ್ಲಿ ಒಂದಾಗಿದೆ. ಪೇಟೆ ಧಾರಣೆ ಕೇಳುವುದಕ್ಕೆ, ಬಾಡಿಗೆ ಟ್ರಾಕ್ಟರ್ ಕರೆಸುವುದಕ್ಕೆ, ರೋಗ ಕೀಟಗಳ ಬಗ್ಗೆ ತಜ್ಞರ ಸಲಹೆ ಪಡೆಯುವುದಕ್ಕೆ ಅದೇ ಬೇಕು. ಆದರೂ ಅದರ ಮೈಕನ್ನು, ಎಂದರೆ ಆಡಿದ ಮಾತನ್ನು ಹಿಡಿದು ಕಳುಹಿಸುವ ಭಾಗವನ್ನು, ಪರೀಕ್ಷಿಸಿ ಇಟ್ಟುಕೊಳ್ಳುವವರು ವಿರಳ.

ಇದಕ್ಕೆ ಕಾರಣವಿದೆ. ಫೋನಿನ ಗಾಜು ಒಡೆದರೆ ಕಣ್ಣಿಗೆ ಕಾಣುತ್ತದೆ. ಸ್ಪೀಕರ್ ಕೆಟ್ಟರೆ ಒಡೆಯನ ಕಿವಿಗೇ ಗೊತ್ತಾಗುತ್ತದೆ. ಮೈಕು ಕೆಟ್ಟರೆ ಮಾತ್ರ ಒಡೆಯನಿಗೆ ಏನೂ ತಿಳಿಯುವುದಿಲ್ಲ. ಆ ಕಡೆಯವರ ಮಾತು ಅವನಿಗೆ ಸ್ಪಷ್ಟವಾಗಿಯೇ ಕೇಳುತ್ತಿರುತ್ತದೆ. ಅವನ ಮಾತು ಆ ಕಡೆಗೆ ಅರ್ಧಂಬರ್ಧ ಮುಟ್ಟುತ್ತಿರುತ್ತದೆ.

ಇದರಿಂದಾಗುವ ನಷ್ಟಕ್ಕೆ ಒಂದು ಉದಾಹರಣೆ ಕೊಡಬಹುದು. ಕೇಂದ್ರ ಸರ್ಕಾರದ ಕಿಸಾನ್ ಕಾಲ್ ಸೆಂಟರ್ 2004ರ ಜನವರಿಯಲ್ಲಿ ಆರಂಭವಾಯಿತು. 1800-180-1551 ಎಂಬ ಉಚಿತ ಸಂಖ್ಯೆಗೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಟೊಮೇಟೊ ಬೆಳೆದ ರೈತನೊಬ್ಬ ಮೋಡ ಮುಸುಕಿದ ದಿನ ಇಂಥ ಕರೆ ಮಾಡುತ್ತಾನೆ ಎಂದಿಟ್ಟುಕೊಳ್ಳಿ. ಎಲೆಯ ಅಂಚಿನಲ್ಲಿ ನೀರಿನಲ್ಲಿ ನೆಂದಂಥ ಕಪ್ಪು ಮಚ್ಚೆಗಳಿವೆ, ಬೆಳಗಿನ ಹೊತ್ತು ಎಲೆಯ ಕೆಳಗೆ ಬಿಳಿ ಬೂಷ್ಟು ಕಾಣುತ್ತದೆ, ಎಲೆ ಮುದುರಿ ಒಣಗುತ್ತಿದೆ ಎಂದು ಹೇಳುತ್ತಾನೆ. ಇವು ಅಂಗಮಾರಿ ರೋಗದ ಲಕ್ಷಣಗಳು. ಆದರೆ ಸಲಹೆಗಾರರಿಗೆ ಕೇಳಿಸಿದ್ದು ‘ಎಲೆ ಮುದುರಿ’ ಎಂಬುದಷ್ಟೇ ಆದರೆ, ಅವರ ಗಮನ ಬಿಳಿನೊಣದಿಂದ ಹರಡುವ ಎಲೆ ಮುದುರು ನಂಜುರೋಗದ ಕಡೆಗೆ ಹೋಗುವುದು ಸಹಜ. ಆಗ ಬಿಳಿನೊಣದ ಹತೋಟಿಗೆ ಹೇಳುವ ಔಷಧಿ ಅಂಗಮಾರಿಯ ರೋಗಾಣುವಿಗೆ ತಾಗುವುದಿಲ್ಲ. ತಂಪು ಮತ್ತು ತೇವದ ಹವೆ ಮುಂದುವರಿದರೆ ಅಂಗಮಾರಿ ಕೆಲವೇ ದಿನಗಳಲ್ಲಿ ಇಡೀ ತಾಕನ್ನು ವ್ಯಾಪಿಸುತ್ತದೆ.

ಔಷಧಿಯ ಪ್ರಮಾಣದ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಸಲಹೆಗಾರರು ಹೇಳಿದ ಪ್ರಮಾಣವನ್ನು ರೈತನು ತಪ್ಪಾಗಿ ಕೇಳಿಸಿಕೊಂಡರೂ, “ಲೀಟರಿಗೆ ಇಷ್ಟು ಗ್ರಾಂ ಅಲ್ಲವೇ?” ಎಂದು ತಿರುಗಿ ಹೇಳಿದರೆ ಅವರು ತಿದ್ದುತ್ತಾರೆ. ಆದರೆ ಕೇಳಿಸದ ಮಾತನ್ನು ಯಾರೂ ತಿದ್ದಲಾರರು.

ಮೈಕಿನ ರಚನೆ

ಇಂದಿನ ಫೋನುಗಳಲ್ಲಿರುವ ಮೈಕು ಕೆಲವೇ ಮಿಲಿಮೀಟರ್ ಅಗಲದ ಪೆಟ್ಟಿಗೆ. ಅದರೊಳಗೆ ಸಿಲಿಕಾನ್‌ನಿಂದ ಮಾಡಿದ ಅತಿ ತೆಳುವಾದ ಪೊರೆಯೊಂದಿದೆ. ಅದರ ಎದುರಿಗೆ ರಂಧ್ರಗಳಿರುವ ತಟ್ಟೆಯೊಂದಿದೆ. ಮಾತಿನ ಅಲೆ ಬಡಿದಾಗ ಪೊರೆ ಅದುರುತ್ತದೆ. ಪೊರೆಗೂ ತಟ್ಟೆಗೂ ಇರುವ ಅಂತರ ಹೆಚ್ಚು ಕಡಿಮೆಯಾದಂತೆ ವಿದ್ಯುತ್ ಸಂಕೇತವೂ ಬದಲಾಗುತ್ತದೆ. ಈ ಪೊರೆಗೆ ಗಾಳಿ ಮುಟ್ಟುವುದು ಫೋನಿನ ಕೆಳ ಅಂಚಿನಲ್ಲಿ, ಚಾರ್ಜರ್ ಸಿಕ್ಕಿಸುವ ಜಾಗದ ಪಕ್ಕದಲ್ಲಿರುವ ಸೂಜಿಮೊನೆಯಷ್ಟು ಚಿಕ್ಕ ರಂಧ್ರದ ಮೂಲಕ. ಬಹಳಷ್ಟು ಫೋನುಗಳಲ್ಲಿ ಮೇಲಿನ ಅಂಚಿನಲ್ಲಿ ಅಥವಾ ಕ್ಯಾಮೆರಾದ ಬಳಿ ಎರಡನೆಯ ಮೈಕೂ ಇರುತ್ತದೆ. ಸುತ್ತಲಿನ ಗದ್ದಲವನ್ನು ಅಳೆದು ಕಳೆಯುವುದು ಮತ್ತು ವಿಡಿಯೋದ ಧ್ವನಿ ಹಿಡಿಯುವುದು ಅದರ ಕೆಲಸ. ರಾಗಿ ಒಕ್ಕಣೆಯ ಧೂಳು, ಜೇಬಿನೊಳಗಿನ ಬಟ್ಟೆಯ ನಾರು, ಬೆವರು, ಪುಡಿ ಔಷಧಿ ಇವೆಲ್ಲ ಸೇರಿ ಈ ರಂಧ್ರಗಳು ಮುಚ್ಚಿಹೋಗುತ್ತವೆ. ಹೊಲದಲ್ಲಿ ದುಡಿಯುವವರ ಫೋನಿಗೆ ಈ ತೊಂದರೆ ಬೇಗ ತಗಲುವುದು ಆದ್ದರಿಂದಲೇ.

ಪರೀಕ್ಷೆಯ ಕ್ರಮ

ಪರೀಕ್ಷೆಗೆ ಹತ್ತು ನಿಮಿಷ ಸಾಕು, ಖರ್ಚಿಲ್ಲ. ಮೊದಲು ಫೋನನ್ನು ಒಮ್ಮೆ ಆರಿಸಿ ಹೊತ್ತಿಸಬೇಕು. ಕೆಲವು ದೋಷಗಳು ಇದರಿಂದಲೇ ಸರಿಹೋಗುತ್ತವೆ. ಬ್ಲೂಟೂತ್ ಆರಿಸಬೇಕು. ಮನೆಯೊಳಗಿರುವ ಬ್ಲೂಟೂತ್ ಇಯರ್‌ಫೋನಿಗೆ ಸಂಪರ್ಕ ಉಳಿದಿದ್ದರೆ, ಫೋನಿನ ಹತ್ತಿರ ಎಷ್ಟು ಕೂಗಿದರೂ ಮಾತು ಆ ಕಡೆಗೆ ಹೋಗುವುದಿಲ್ಲ. ಅನಂತರ ಈ ಕೆಳಗಿನ ನಾಲ್ಕು ಪರೀಕ್ಷೆಗಳನ್ನು ಮಾಡಬೇಕು.

1. ಸದ್ದಿಲ್ಲದ ಕಡೆ ಕುಳಿತು, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು, ರೆಕಾರ್ಡರ್ ಆ್ಯಪ್‌ನಲ್ಲಿ ಹೆಸರು, ಊರು, ಬೆಳೆ ಹೇಳಿ ಒಂದರಿಂದ ಹತ್ತರವರೆಗೆ ಎಣಿಸಿ ಮುದ್ರಿಸಿಕೊಳ್ಳಬೇಕು. ಮುದ್ರಿಸಿದ್ದನ್ನು ಕೇಳಬೇಕು.

2. ಫೋನಿನ ಹಿಂದಿನ ಕ್ಯಾಮೆರಾದಿಂದ ಅಷ್ಟೇ ಹೊತ್ತಿನ ವಿಡಿಯೋ ತೆಗೆದು, ಅದರ ಧ್ವನಿಯನ್ನು ಕೇಳಬೇಕು.

3. ಮನೆಯವರೊಬ್ಬರಿಗೆ ಕರೆ ಮಾಡಿ ಮೊದಲು ಕಿವಿಗೆ ಹಿಡಿದು, ಆಮೇಲೆ ಸ್ಪೀಕರ್ ಹಾಕಿ ಮಾತಾಡಬೇಕು. ಎರಡರಲ್ಲಿ ಯಾವುದು ಸ್ಪಷ್ಟವೆಂದು ಅವರನ್ನೇ ಕೇಳಬೇಕು.

4. ಮೈಕು ಇರುವ ತಂತಿಯ ಇಯರ್‌ಫೋನ್ ದೊರೆತರೆ ಅದನ್ನು ಸಿಕ್ಕಿಸಿ ಮತ್ತೊಮ್ಮೆ ಮಾತಾಡಬೇಕು.

ದೋಷ ಎಲ್ಲಿದೆ?

ಮುದ್ರಣ ಸ್ಪಷ್ಟವಾಗಿದ್ದು ಕರೆಯಲ್ಲಿ ಮಾತ್ರ ಮಾತು ತುಂಡಾಗುತ್ತಿದ್ದರೆ ಬಹುಮಟ್ಟಿಗೆ ಮೈಕು ನಿರ್ದೋಷಿ. ಸಿಗ್ನಲ್ಲಿನ ಕೊರತೆ ಇರಬಹುದು. ದಿಬ್ಬದ ಮೇಲೆ ಅಥವಾ ಬಯಲಿಗೆ ಬಂದು ಮತ್ತೆ ಕರೆ ಮಾಡಿ ನೋಡಬೇಕು.

ಒಂದು ಆ್ಯಪ್‌ನಲ್ಲಿ ಮಾತ್ರ ಧ್ವನಿ ಹೋಗದಿದ್ದರೆ, ಆ ಆ್ಯಪ್‌ಗೆ ಮೈಕು ಬಳಸುವ ಅನುಮತಿ ಇಲ್ಲವೆಂದು ತಿಳಿಯಬೇಕು. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಹೆಸರನ್ನು ಒತ್ತಿ, ಅನುಮತಿಗಳ ಪಟ್ಟಿಯಲ್ಲಿ ಮೈಕ್ರೊಫೋನ್‌ಗೆ ಒಪ್ಪಿಗೆ ಕೊಡಬೇಕು. ಎಲ್ಲ ಆ್ಯಪ್‌ಗಳೂ ಮೂಕವಾಗಿದ್ದರೆ ಇನ್ನೊಂದು ಸಂಗತಿ ನೋಡಬೇಕು. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಈಚಿನ ಫೋನುಗಳಲ್ಲಿ ಮೈಕನ್ನು ಒಟ್ಟಾಗಿ ಬಂದ್ ಮಾಡುವ ಗುಂಡಿಯೊಂದಿದೆ. ಪರದೆಯನ್ನು ಮೇಲಿಂದ ಕೆಳಕ್ಕೆ ಎಳೆದಾಗ ಬರುವ ಗುಂಡಿಗಳ ಸಾಲಿನಲ್ಲಿ ಅದನ್ನು ಇಟ್ಟುಕೊಳ್ಳಬಹುದು. ಮಕ್ಕಳ ಕೈ ತಗಲಿ ಅದು ಬಂದ್ ಆಗಿರಬಹುದು.

ವಿಡಿಯೋ ಮತ್ತು ಸ್ಪೀಕರ್ ಕರೆಯಲ್ಲಿ ಧ್ವನಿ ಸರಿಯಿದ್ದು, ಕಿವಿಗೆ ಹಿಡಿದಾಗ ಮಾತ್ರ ಮಂದವಾದರೆ ಕೆಳಗಿನ ರಂಧ್ರ ಮುಚ್ಚಿರುವ ಸಂಭವ ಹೆಚ್ಚು. ಇಯರ್‌ಫೋನಿನಲ್ಲಿ ಮಾತು ಚೆನ್ನಾಗಿ ಹೋಗಿ ಉಳಿದೆಲ್ಲದರಲ್ಲಿ ಕೆಟ್ಟಿದ್ದರೂ ದೋಷ ಫೋನಿನ ಸ್ವಂತ ಮೈಕಿನದೇ. ದುರಸ್ತಿ ಆಗುವವರೆಗೆ ಇಯರ್‌ಫೋನಿನಲ್ಲಿಯೇ ಕೆಲಸ ಸಾಗಿಸಬಹುದು.

ಶುಚಿ ಮಾಡುವ ಬಗೆ

ಮೊದಲು ಫೋನಿನ ಹೊರಕವಚ ತೆಗೆದು ಪರೀಕ್ಷಿಸಬೇಕು. ಬೇರೆ ಮಾದರಿಯ ಕವಚ ಹಾಕಿದ್ದರೆ ಅದು ರಂಧ್ರಕ್ಕೆ ಅಡ್ಡವಾಗಿರುತ್ತದೆ. ಅನಂತರ ಫೋನನ್ನು ಆರಿಸಿ, ರಂಧ್ರ ಕೆಳಮುಖವಾಗಿರುವಂತೆ ಹಿಡಿದು, ಒಣಗಿದ ಮೃದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಬೇಕು. ಧೂಳು ಕೆಳಗೆ ಉದುರುತ್ತದೆ.

ಸಿಂಪರಣಾ ಯಂತ್ರದ ನಾಜಲ್ ಕಟ್ಟಿಕೊಂಡಾಗ ತಂತಿಯಿಂದ ಚುಚ್ಚಬಾರದೆಂದು ರೈತರಿಗೆ ಗೊತ್ತಿದೆ. ಚುಚ್ಚಿದರೆ ತೂತು ದೊಡ್ಡದಾಗಿ ಸಿಂಪರಣೆಯ ಲೆಕ್ಕ ತಪ್ಪುತ್ತದೆ. ಮೈಕಿಗೂ ಇದೇ ನಿಯಮ. ಇಲ್ಲಿ ಪೊರೆಯೇ ಹರಿದು ಮೈಕು ಶಾಶ್ವತವಾಗಿ ಹಾಳಾಗುತ್ತದೆ. ಸಿಮ್ ತಟ್ಟೆ ತೆಗೆಯುವ ರಂಧ್ರವೆಂದು ಭ್ರಮಿಸಿ ಮೈಕಿನ ರಂಧ್ರಕ್ಕೆ ಪಿನ್ನು ಚುಚ್ಚುವುದೂ ಉಂಟು. ಸಿಮ್ ರಂಧ್ರದ ಸುತ್ತ ತಟ್ಟೆಯ ಗೆರೆ ಕಾಣುತ್ತದೆ. ಮೈಕಿನ ರಂಧ್ರಕ್ಕೆ ಅಂಥ ಗೆರೆ ಇಲ್ಲ. ಬಾಯಿಂದ ಊದಬಾರದು, ಎಂಜಲಿನ ತೇವ ಒಳಸೇರುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯನ್ನೂ ಬಿಡಬಾರದು. ಅದರ ಒತ್ತಡವನ್ನು ಪೊರೆ ತಾಳಲಾರದು.

ಫೋನು ನೀರಿಗೆ ಬಿದ್ದರೆ ಕೂಡಲೇ ಆರಿಸಿ, ಒರೆಸಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಇಡಬೇಕು. ಪೂರ್ತಿ ಒಣಗುವ ತನಕ ಚಾರ್ಜಿಗೆ ಹಾಕಬಾರದು. ಅಕ್ಕಿಯ ಡಬ್ಬಿಯಲ್ಲಿ ಹೂಳುವ ರೂಢಿಯಿಂದ ಲಾಭವಿಲ್ಲ. ತೌಡಿನ ಪುಡಿ ರಂಧ್ರ ಸೇರಿ ಇನ್ನಷ್ಟು ತೊಂದರೆಯಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಸರಿಹೋಗದಿದ್ದರೆ ದುರಸ್ತಿಯೇ ಗತಿ. ಅನೇಕ ಫೋನುಗಳಲ್ಲಿ ಕೆಳಗಿನ ಮೈಕು ಮತ್ತು ಚಾರ್ಜಿಂಗ್ ಜಾಗ ಒಂದೇ ಚಿಕ್ಕ ಫಲಕದ ಮೇಲಿರುತ್ತವೆ. ಚಾರ್ಜ್ ಕೂಡ ಸರಿಯಾಗಿ ಆಗದಿದ್ದರೆ ಆ ಫಲಕವನ್ನೇ ಬದಲಿಸಬೇಕಾಗಬಹುದು. ಅಂಗಡಿಯವರಿಗೆ ಮೇಲಿನ ನಾಲ್ಕು ಪರೀಕ್ಷೆಗಳ ಫಲಿತಾಂಶ ಹೇಳಿದರೆ ಅನಾವಶ್ಯಕ ಖರ್ಚು ತಪ್ಪುತ್ತದೆ. ಗ್ಯಾರಂಟಿ ಅವಧಿ ಉಳಿದಿದ್ದರೆ ಫೋನನ್ನು ಹೊರಗೆ ಬಿಚ್ಚಿಸಬಾರದು.

ಹೊಲದಲ್ಲಿ ಮಾತನಾಡುವಾಗ

ಗಾಳಿಗೆ ಬೆನ್ನು ಮಾಡಿ ನಿಲ್ಲಬೇಕು. ಓಡುವ ಪಂಪ್‌ಸೆಟ್ಟಿನಿಂದಲೂ ಟ್ರಾಕ್ಟರಿನಿಂದಲೂ ದೂರ ಸರಿಯಬೇಕು. ಕಿರುಬೆರಳು ಕೆಳಗಿನ ರಂಧ್ರವನ್ನು ಮುಚ್ಚದಂತೆ ಫೋನು ಹಿಡಿಯಬೇಕು. ಒಕ್ಕಣೆ ಮತ್ತು ಸಿಂಪರಣೆಯ ಹೊತ್ತಿನಲ್ಲಿ ಫೋನನ್ನು ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟು, ಕೈ ತೊಳೆದ ಮೇಲೆ ಹೊರತೆಗೆಯಬೇಕು. ಸಲಹೆ ಪಡೆದ ಮೇಲೆ ಬೆಳೆ, ರೋಗ, ಔಷಧಿ, ಪ್ರಮಾಣ ಈ ನಾಲ್ಕನ್ನೂ ತಿರುಗಿ ಹೇಳಿ, ಆ ಕಡೆಯವರು ‘ಸರಿ’ ಎಂದ ಬಳಿಕವೇ ಕರೆ ಮುಗಿಸಿ ಬರೆದಿಟ್ಟುಕೊಳ್ಳಬೇಕು.

ವಿಸ್ತರಣಾ ಕಾರ್ಯಕರ್ತರು ಮುಂಗಾರಿಗೆ ಮುಂಚಿನ ತರಬೇತಿ ಶಿಬಿರಗಳಲ್ಲಿ ಇದಕ್ಕೆ ಅರ್ಧ ಗಂಟೆ ಮೀಸಲಿಟ್ಟರೆ, ಬಂದ ರೈತರೆಲ್ಲರ ಫೋನುಗಳನ್ನು ಅಲ್ಲಿಯೇ ಪರೀಕ್ಷಿಸಬಹುದು. ಗುಂಪಿನಲ್ಲಿ ಬರುವ ಧ್ವನಿ ಸಂದೇಶ ಅಸ್ಪಷ್ಟವಾಗಿದ್ದರೆ ಊಹೆಯ ಮೇಲೆ ಉತ್ತರ ಕೊಡಬಾರದು. ಮತ್ತೊಮ್ಮೆ ಹೇಳುವಂತೆ ಕೇಳಿ, ಮೈಕನ್ನು ನೋಡಿಕೊಳ್ಳುವಂತೆ ತಿಳಿಸಬೇಕು.

ಮೊಳಕೆ ಪರೀಕ್ಷೆಗೆ ನೂರು ಕಾಳು ಬೇಕು, ಕೆಲವು ದಿನ ಕಾಯಬೇಕು. ಮೈಕಿನ ಪರೀಕ್ಷೆಗೆ ಬೇಕಾದದ್ದು ಹತ್ತು ನಿಮಿಷ ಮಾತ್ರ. ಬೆಳೆಗೆ ರೋಗ ಬಂದ ದಿನ ಈ ಪರೀಕ್ಷೆಗೆ ಪುರಸೊತ್ತು ಸಿಗಲಾರದು. ಆದ್ದರಿಂದ ಹಂಗಾಮಿಗೆ ಮುಂಚೆಯೇ ಇದನ್ನು ಮುಗಿಸಿಕೊಳ್ಳುವುದು ಲೇಸು.