ಗೆಳೆಯರ ಬರಹಕ್ಕೆ ಮೊದಲ ಓದುಗರು



ತುಂಗಭದ್ರೆಯ ದಂಡೆಯ ನಾಗಲದಿನ್ನೆಯಂಥ ಊರಿನಲ್ಲಿ ಒಬ್ಬ ಬಾಲಕಿ ಕನ್ನಡದಲ್ಲಿ ಒಂದು ಪದ್ಯ ಬರೆದಳೆಂದು ಭಾವಿಸಿರಿ. ಅದನ್ನು ಓದುವವರಾರು? ಅಂಗಡಿಯ ಫಲಕ, ಕಚೇರಿಯ ಅರ್ಜಿ ಬಹುಪಾಲು ತೆಲುಗಿನಲ್ಲಿವೆ. ಮನೆಯ ಹಿರಿಯರಲ್ಲಿ ಕೆಲವರು ಕನ್ನಡವನ್ನು ಆಡಬಲ್ಲರು, ಓದಲಾರರು. ಬೆಂಗಳೂರಿನ ಪತ್ರಿಕೆಗಳಂತೂ ದೂರದ ಮಾತು. ಉಳಿದವಳು ಪಕ್ಕದಲ್ಲಿ ಕುಳಿತ ಗೆಳತಿ. ಅವಳೂ ಓದದಿದ್ದರೆ ಆ ಪದ್ಯಕ್ಕೆ ಓದುಗರೇ ಇಲ್ಲ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಅಂದಿನಿಂದ ಇಲ್ಲಿಯ ಕನ್ನಡ ಬರಹದ ಸ್ಥಿತಿ ಹೆಚ್ಚುಕಡಿಮೆ ಹೀಗೆಯೇ ಇದೆ.

ಆದರೆ ಗೆಳೆಯರ ಬಲದಿಂದ ಬರಹ ಬದುಕುವುದು ಈ ಸೀಮೆಗೆ ಹೊಸದಲ್ಲ. 18ನೆಯ ಶತಮಾನದಲ್ಲಿ ಆಲೂರು ಸೀಮೆಯ ಚಿಪ್ಪಗಿರಿಯಲ್ಲಿ ನೆಲೆಸಿದ್ದ ವಿಜಯದಾಸರ ಸುತ್ತ ಬೆಳೆದ ದಾಸರ ಬಳಗವನ್ನು ನೆನೆಯಿರಿ. ಭಕ್ತಿಯ ವಿಚಾರ ಹಾಗಿರಲಿ. ಸಾಹಿತ್ಯದ ಬದುಕಾಗಿ ಅದನ್ನು ನೋಡಬೇಕು. ಅಚ್ಚುಕೂಟವಿಲ್ಲದ ಆ ಕಾಲದಲ್ಲಿ ಒಬ್ಬರು ರಚಿಸಿದ್ದನ್ನು ಇನ್ನೊಬ್ಬರು ಹಾಡಿದರೆ, ಬರೆದಿಟ್ಟುಕೊಂಡರೆ ಮಾತ್ರ ಅದು ಉಳಿಯುತ್ತಿತ್ತು. ವಿಜಯದಾಸರ ಶಿಷ್ಯರು ಗೋಪಾಲದಾಸರು. ಹೆಳವನಕಟ್ಟೆ ಗಿರಿಯಮ್ಮನಿಗೆ ಅಂಕಿತವಿತ್ತವರು ಅವರೇ ಎಂದು ಪರಂಪರೆ ಹೇಳುತ್ತದೆ. ಅಂಕಿತವೆಂದರೆ ಬರೆಯುವವರನ್ನು ಬಳಗವು ತನ್ನವರೆಂದು ಬಹಿರಂಗವಾಗಿ ಒಪ್ಪಿಕೊಂಡ ಗುರುತು. ಹೆಣ್ಣುಮಗಳೊಬ್ಬಳು ಬರೆಯುವುದೇ ಅಪರೂಪವಾಗಿದ್ದ ಕಾಲದಲ್ಲಿ ಆ ಒಪ್ಪಿಗೆಯ ಬೆಲೆ ಎಷ್ಟೆಂಬುದನ್ನು ಊಹಿಸಬಹುದು. ನದಿಯಾಚೆಯ ಮಾನ್ವಿಯ ಜಗನ್ನಾಥದಾಸರು 'ಹರಿಕಥಾಮೃತಸಾರ'ವನ್ನು ರಚಿಸಿದರು. ಅದರ ಫಲಸ್ತುತಿಯ ಸಂಧಿಯನ್ನು ಬರೆದವರು ಅವರ ಬಳಗದ ಕರ್ಜಗಿ ದಾಸಪ್ಪನವರು, ಶ್ರೀದವಿಠಲ ಎಂಬ ಅಂಕಿತದವರು. ಕೃತಿ ಒಬ್ಬರದು, ಅದನ್ನು ಓದಿದರೆ ದೊರೆಯುವ ಫಲವನ್ನು ಸಾರಿದವರು ಮತ್ತೊಬ್ಬರು. ತನ್ನ ಕೃತಿಯ ಹಿರಿಮೆಯನ್ನು ತಾನೇ ಹೇಳಿಕೊಳ್ಳುವ ಸಂಕೋಚದಿಂದ ಕವಿಯನ್ನು ಪಾರುಮಾಡುವುದು ಎಂಥ ಸೊಗಸಾದ ಗೆಳೆತನ!

ಮತ್ತೊಂದು ಗಡಿಯ ಊರು ವಿಜಯಪುರ ಜಿಲ್ಲೆಯ ಹಲಸಂಗಿ. ಮಹಾರಾಷ್ಟ್ರದ ಅಂಚಿನ ಈ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು ಒಂದುಗೂಡಿದರು. ಸಾಹಿತ್ಯಚರಿತ್ರೆ ಇವರನ್ನು 'ಹಲಸಂಗಿ ಗೆಳೆಯರು' ಎಂದೇ ಕರೆಯುತ್ತದೆ; ಬೇರೆ ಬಿರುದು ಬೇಕಾಗಲಿಲ್ಲ. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಇವರು ಕೂಡಿಸಿದರು. 1931ರಲ್ಲಿ 'ಗರತಿಯ ಹಾಡು' ಹೊರಬಂದಿತು. ಆಮೇಲೆ 'ಜೀವನ ಸಂಗೀತ', 'ಮಲ್ಲಿಗೆ ದಂಡೆ'. 'ಗರತಿಯ ಹಾಡಿ'ಗೆ ಮುನ್ನುಡಿ ಬರೆದವರು ಬಿ. ಎಂ. ಶ್ರೀಕಂಠಯ್ಯನವರು. ಹಳ್ಳಿಯ ಗೆಳೆಯರು ಮೊದಲು ಒಬ್ಬರ ಕೆಲಸವನ್ನು ಒಬ್ಬರು ಗೌರವಿಸಿದ್ದರಿಂದಲೇ ಅದು ಮೈಸೂರು ಸೀಮೆಯ ವಿದ್ವಾಂಸರ ಕೈಗೆ ತಲುಪುವಷ್ಟು ಬೆಳೆಯಿತು.

ನಮ್ಮ ಕಡೆ ಇದಕ್ಕೆ ಅಡ್ಡಬರುವುದು ಬಡತನಕ್ಕಿಂತ ಹೆಚ್ಚಾಗಿ ಒಂದು ಗಾದೆ: ಹಿತ್ತಲ ಗಿಡ ಮದ್ದಲ್ಲ. ಜೊತೆಯಲ್ಲಿ ಗೋಲಿ ಆಡಿದವನು ಕವಿಯಾಗುವುದುಂಟೇ ಎಂಬ ತಾತ್ಸಾರ ಮಕ್ಕಳಲ್ಲಿದೆ, ಶಿಕ್ಷಕರಲ್ಲಿ ಇಲ್ಲವೆನ್ನಲಾಗದು. ನೆರೆಯ ಶಾಲೆಯ ಸಹೋದ್ಯೋಗಿ ಸ್ವಂತ ಹಣದಿಂದ ಪುಸ್ತಕ ಅಚ್ಚುಹಾಕಿಸಿದರೆ, ಗೌರವಪ್ರತಿಗಾಗಿ ಕೈಚಾಚುವವರು ಹಲವರು, ಕೊಳ್ಳುವವರು ಕೆಲವರು. (ಗೌರವಪ್ರತಿ ಪಡೆದವರು ಓದುವುದು ಇನ್ನೂ ವಿರಳ.) ಹಾಗೆಂದು ಗೆಳೆಯನೆಂಬ ಕಾರಣಕ್ಕೆ ಎಲ್ಲವನ್ನೂ ಹೊಗಳಬೇಕಾಗಿಲ್ಲ. "ಚೆನ್ನಾಗಿದೆ" ಎಂಬುದು ಓದದವರೂ ಹೇಳಬಲ್ಲ ಮಾತು. "ಮೂರನೆಯ ಸಾಲಿನಲ್ಲಿ ಹೊಳೆಯ ವರ್ಣನೆ ಹಿಡಿಸಿತು, ಕೊನೆಯದು ಅರ್ಥವಾಗಲಿಲ್ಲ" ಎಂದರೆ ಬರೆದವಳು ನಾಳೆ ಮತ್ತೆ ಬರೆಯುತ್ತಾಳೆ. ಇದು ಪಕ್ಷಪಾತವಲ್ಲವೇ ಎಂದು ಕೆಲವರು ಕೇಳಬಹುದು. ಓದುಗರು ಸಾವಿರಾರಿರುವಲ್ಲಿ ಆ ಪ್ರಶ್ನೆಗೆ ಅರ್ಥವಿದೆ. ಓದುಗರು ನಾಲ್ವರಿರುವಲ್ಲಿ ಆ ನಾಲ್ವರೂ ಗೆಳೆಯರೇ ಆಗಿರುತ್ತಾರೆ.

ಆದುದರಿಂದ ವಾರಕ್ಕೊಂದು ಅವಧಿಯಲ್ಲಿ ಬರೆದವರು ಕುಳಿತಿರಲಿ, ಗೆಳೆಯರು ಎದ್ದುನಿಂತು ಅವರ ಬರಹವನ್ನು ಓದಲಿ. ಇನ್ನೊಬ್ಬರ ವಾಕ್ಯವನ್ನು ತಮ್ಮ ಬಾಯಿಂದ ನುಡಿಯುವಾಗ ಎಲ್ಲಿ ಉಸಿರು ನಿಲ್ಲಬೇಕೆಂಬುದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ಕಥೆಯಾದರೆ ಅದನ್ನೇ ಆಡಿ ತೋರಿಸಲಿ. ಇಷ್ಟವಾದುದನ್ನು ತಮ್ಮ ನೋಟ್‌ಬುಕ್ಕಿಗೆ ಪ್ರತಿ ಮಾಡಿಕೊಳ್ಳಲಿ. 2009ರ ಅಕ್ಟೋಬರ್ ಮೊದಲ ವಾರದಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯ, ನಾಗಲದಿನ್ನೆಯ ಸೀಮೆಗೆ ನುಗ್ಗಿದ್ದನ್ನು ಕಂಡವರಿಗೆ, ಒಂದೇ ಪ್ರತಿಯಾಗಿ ಒಂದೇ ಮನೆಯಲ್ಲಿರುವ ಕಾಗದದ ಗತಿಯನ್ನು ವಿವರಿಸಬೇಕಾಗಿಲ್ಲ. ಹಳೆಯ ಓಲೆಗರಿಗಳ ಕೊನೆಯಲ್ಲಿ ಪ್ರತಿಕಾರನು ತನ್ನ ಹೆಸರನ್ನೂ ಬರೆದಿಡುವ ಪದ್ಧತಿಯಿತ್ತು. ಮಕ್ಕಳ ನೋಟ್‌ಬುಕ್ಕಿನಲ್ಲಿಯೂ ಹಾಗೆಯೇ ಪದ್ಯದ ಕೆಳಗೆ ಬರೆದವಳ ಹೆಸರು, ಅದರ ಕೆಳಗೆ ಪ್ರತಿ ಮಾಡಿದವಳ ಹೆಸರು ಇರಲಿ.